ಜಾಲತಾಣ ತೆರೆಯದಿದ್ದಾಗ: ದೋಷವಿರುವ ತಾಣ ಯಾವುದು?

ಲಿಂಗಪೂಜೆ, ವಚನಾರ್ಥ, ಷಟ್‌ಸ್ಥಲ, ಗೃಹಸ್ಥರ ಸದಾಚಾರ ಮೊದಲಾದ ವಿಷಯಗಳಿಗೆ ಮೀಸಲಾದ ಈ ಅಂಕಣದಲ್ಲಿ ನಾವು ಗಣಕಯಂತ್ರದ ಮಾತನ್ನು ಎತ್ತಿಕೊಂಡಿರುವುದು ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ಕಾರಣವಿಲ್ಲದೆ ಎತ್ತಿಕೊಂಡಿಲ್ಲ. ಇತ್ತೀಚೆಗೆ ನಮ್ಮ ಬಳಿಗೆ ಬರುವ ಭಕ್ತರ ಸಂಕಟಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕಿವಿಗೆ ಬೀಳುತ್ತಿದೆ. “ಬುದ್ಧಿಯವರೇ, ಮನೆಯಲ್ಲಿ ಕಂಪ್ಯೂಟರ್ ಇದೆ, ತಿಂಗಳು ತಿಂಗಳು ಹಣವನ್ನೂ ಕಟ್ಟುತ್ತೇವೆ, ಆದರೆ ಬೇಕಾದ ಹೊತ್ತಿಗೆ ಜಾಲತಾಣ ತೆರೆಯುವುದಿಲ್ಲ” ಎಂಬುದೇ ಆ ಮಾತು. ಕೇಳುವುದಕ್ಕೆ ಇದು ಚಿಕ್ಕ ಸಂಗತಿ. ಆದರೆ ಮಗಳ ವಿದ್ಯಾರ್ಥಿವೇತನದ ಅರ್ಜಿ, ಮಗನ ಪ್ರವೇಶ ಪರೀಕ್ಷೆಯ ಫಲಿತಾಂಶ, ಹೊಲದ ಪಹಣಿ, ಹಿರಿಯರ ಪಿಂಚಣಿ, ದೂರದೇಶದಲ್ಲಿರುವ ಮಕ್ಕಳ ಕ್ಷೇಮಸಮಾಚಾರ ಇವೆಲ್ಲವೂ ಆ ಒಂದು ಬಾಗಿಲಿನ ಮೂಲಕವೇ ಬರತೊಡಗಿರುವ ಈ ಕಾಲದಲ್ಲಿ ಬಾಗಿಲು ತೆರೆಯದೆ ಹೋದರೆ ಒಂದು ಕುಟುಂಬದ ಒಂದು ವರ್ಷವೇ ವ್ಯರ್ಥವಾಗಬಹುದು.

ಅಷ್ಟೇ ಅಲ್ಲ, ಶರಣರ ವಾಣಿಯೂ ಈಗ ಅದೇ ಬಾಗಿಲಿನ ಆಚೆಗೆ ಬಂದು ನಿಂತಿದೆ. ಡಾ. ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿದ್ದ ತಾಡೋಲೆ ಕಟ್ಟುಗಳನ್ನು ಹುಡುಕಿ ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು. 1993ರಲ್ಲಿ ಕರ್ನಾಟಕ ಸರ್ಕಾರದ ಮೂಲಕ ಹದಿನೈದು ‘ಸಮಗ್ರ ವಚನ ಸಂಪುಟ’ಗಳು ಪ್ರಕಟವಾದವು. ಇಂದು ಸಾವಿರಾರು ವಚನಗಳನ್ನು ಗಣಕಯಂತ್ರದ ಪರದೆಯ ಮೇಲೆಯೇ ಹುಡುಕಿ ಓದಬಹುದಾಗಿದೆ. ಆದ್ದರಿಂದ ಈ ಯಂತ್ರದ ಸ್ವಭಾವವನ್ನು ಕೊಂಚ ತಿಳಿದುಕೊಳ್ಳುವುದು ಸಂಸಾರಿಗಳಿಗೂ ಸಾಧಕರಿಗೂ ಒಳ್ಳೆಯದೇ ಸರಿ.

ಮಠದಲ್ಲಿ ನಮಗೆ ಹಳೆಯ ಓಲೆಗಳನ್ನು ಓದಲು ಕಲಿಸಿದ ಗುರುಗಳು ಒಂದು ಕ್ರಮವನ್ನು ಹೇಳಿಕೊಡುತ್ತಿದ್ದರು. ಒಂದು ಪಂಕ್ತಿಗೆ ಅರ್ಥವಾಗದಿದ್ದರೆ ಒಮ್ಮೆಗೇ ತಿದ್ದಲು ಹೋಗಬಾರದು. ಮೊದಲು ಓದುವ ಕಣ್ಣನ್ನು ಪರೀಕ್ಷಿಸಬೇಕು; ಅನಂತರ ಓಲೆ ಹುಳು ತಿಂದು ತ್ರುಟಿತವಾಗಿದೆಯೇ ಎಂದು ನೋಡಬೇಕು; ಕೊನೆಗೆ ಪ್ರತಿ ಮಾಡಿದವನ ಕೈತಪ್ಪನ್ನು ಶಂಕಿಸಬೇಕು. ದೋಷ ಎಲ್ಲಿದೆ ಎಂಬುದನ್ನು ನಿರ್ಣಯಿಸದೆ ತಿದ್ದುವವನು ಇದ್ದ ಶುದ್ಧಪಾಠವನ್ನೂ ಕೆಡಿಸುತ್ತಾನೆ. ಜಾಲತಾಣ ತೆರೆಯದ ಗಣಕಯಂತ್ರದ ವಿಷಯದಲ್ಲಿಯೂ ಇದೇ ಕ್ರಮ ಸಲ್ಲುತ್ತದೆ. ಇಲ್ಲಿಯೂ ದೋಷಕ್ಕೆ ಮೂರು ತಾಣಗಳುಂಟು. ಒಂದು, ನಮ್ಮ ಮನೆಯ ಯಂತ್ರ. ಎರಡು, ಯಂತ್ರದಿಂದ ಹೊರಟು ಊರು ದೇಶಗಳನ್ನು ದಾಟುವ ದಾರಿ. ಮೂರು, ನಾವು ತಲುಪಬೇಕಾದ ಆಚೆಯ ಯಂತ್ರ. ಈ ಮೂರರಲ್ಲಿ ಯಾವುದೆಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆಯೇ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ತೆರೆಯದಿರುವುದು ಒಂದೇ ಜಾಲತಾಣವೋ, ಎಲ್ಲ ಜಾಲತಾಣಗಳೋ? ಇದು ಮೊದಲನೆಯ ಪ್ರಶ್ನೆ. ಒಂದು ಮಾತ್ರ ತೆರೆಯದೆ ಬೇರೆಯವೆಲ್ಲ ತೆರೆದರೆ ನಮ್ಮ ಮನೆಯ ದಾರಿ ಸರಿಯಾಗಿದೆ, ತೊಡಕು ಬಹುಮಟ್ಟಿಗೆ ಆಚೆಯ ಕಡೆಯದು ಎಂದು ತಿಳಿಯಬೇಕು. ಯಾವುದೂ ತೆರೆಯದಿದ್ದರೆ ಎರಡನೆಯ ಪ್ರಶ್ನೆ: ಮನೆಯ ಎಲ್ಲ ಯಂತ್ರಗಳಲ್ಲಿಯೂ ಹೀಗೆಯೋ, ಒಂದರಲ್ಲಿ ಮಾತ್ರವೋ? ಮಗನ ಮೊಬೈಲ್ ಅದೇ ವೈಫೈಯಲ್ಲಿ ಚೆನ್ನಾಗಿ ನಡೆಯುತ್ತಿದ್ದು ಗಣಕಯಂತ್ರ ಮಾತ್ರ ಮುಷ್ಕರ ಹೂಡಿದ್ದರೆ ದೋಷ ಆ ಗಣಕಯಂತ್ರದ್ದು. ಎರಡೂ ನಿಂತಿದ್ದರೆ ದೋಷ ದಾರಿಯದು. ಮೊಬೈಲಿನಲ್ಲಿ ಪರೀಕ್ಷಿಸುವಾಗ ಅದರ ಸ್ವಂತ ಮೊಬೈಲ್ ಡೇಟಾವನ್ನು ನಿಲ್ಲಿಸಿ, ವೈಫೈ ಒಂದನ್ನೇ ಇಟ್ಟುಕೊಂಡು ನೋಡಬೇಕೆಂಬುದನ್ನು ಮರೆಯಬಾರದು. ಇಲ್ಲವಾದರೆ ಮೊಬೈಲು ಬೇರೆ ದಾರಿಯಿಂದ ಹೋಗಿ ಬಂದು ನಮ್ಮನ್ನು ಭ್ರಮೆಗೊಳಿಸುತ್ತದೆ.

ಈ ಪರೀಕ್ಷೆಯನ್ನು ತಿರುಗುಮುರುಗಾಗಿಯೂ ಮಾಡಬಹುದು. ಮೊಬೈಲಿನಲ್ಲಿ ಹಾಟ್‌ಸ್ಪಾಟ್ ಎಂಬ ಸೌಲಭ್ಯವಿದೆ. ಅದನ್ನು ತೆರೆದು ಗಣಕಯಂತ್ರವನ್ನು ಮೊಬೈಲಿನ ಅಂತರ್ಜಾಲಕ್ಕೇ ಜೋಡಿಸಿ ನೋಡಬೇಕು. ಆಗ ಜಾಲತಾಣಗಳು ತೆರೆದರೆ ಯಂತ್ರ ನಿರ್ದೋಷಿ. ಮನೆಗೆ ಬಂದಿರುವ ತಂತಿಯನ್ನೋ ಮೋಡೆಮನ್ನೋ ನೋಡಬೇಕು. ಆಗಲೂ ತೆರೆಯದಿದ್ದರೆ ಕಂಪನಿಯವರನ್ನು ದೂರುವುದರಲ್ಲಿ ಅರ್ಥವಿಲ್ಲ. ಎರಡು ನಿಮಿಷದ ಈ ಪರೀಕ್ಷೆ ಎರಡು ದಿನದ ವಾಗ್ವಾದವನ್ನು ಉಳಿಸುತ್ತದೆ.

ದೀಪಗಳ ಭಾಷೆ

ಮನೆಯ ಮೂಲೆಯಲ್ಲಿ ಮಿನುಗುವ ಮೋಡೆಮಿನ ದೀಪಗಳು ಅಲಂಕಾರಕ್ಕಾಗಿ ಇಟ್ಟವಲ್ಲ. ಒಂದು ದೀಪ ವಿದ್ಯುತ್ತು ಇದೆಯೆಂದು ಹೇಳುತ್ತದೆ, ಒಂದು ವೈಫೈ ನಡೆಯುತ್ತಿದೆಯೆಂದು, ಮತ್ತೊಂದು ಅಂತರ್ಜಾಲ ಬಂದಿದೆಯೆಂದು. ಇಂದು ಹೆಚ್ಚಿನ ಮನೆಗಳಿಗೆ ಬರುತ್ತಿರುವ ಫೈಬರ್ ಸಂಪರ್ಕದ ಪೆಟ್ಟಿಗೆಯಲ್ಲಿ ಎಲ್.ಓ.ಎಸ್. ಎಂಬ ಮೂರಕ್ಷರದ ದೀಪವೊಂದಿರುತ್ತದೆ. ಅದು ಕೆಂಪಾಗಿ ಉರಿದರೆ ಅಥವಾ ಮಿನುಗಿದರೆ ಹೊರಗಿನಿಂದ ಬರಬೇಕಾದ ಬೆಳಕಿನ ಸಂಕೇತ ಬರುತ್ತಿಲ್ಲವೆಂದು ಅರ್ಥ. ರಸ್ತೆ ಅಗೆಯುವವರ ಹಾರೆ ತಾಗಿರಬಹುದು, ಇಲಿ ಕಡಿದಿರಬಹುದು, ಮನೆಯೊಳಗೇ ತಂತಿ ಬಾಗಿಲ ಸಂದಿಯಲ್ಲಿ ಸಿಕ್ಕಿ ತೀರ ಮಡಿಚಿಕೊಂಡಿರಬಹುದು. ಫೈಬರ್ ಎಂದರೆ ಕೂದಲೆಳೆಯಂಥ ಗಾಜು; ಅದು ತಾಮ್ರದ ತಂತಿಯಂತೆ ಮಡಿಕೆಯನ್ನು ಸಹಿಸುವುದಿಲ್ಲ. ಕಳಚಿದ ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡುವುದು ಅಪಾಯಕರ. ಮಕ್ಕಳಿಗೆ ಇದನ್ನು ತಿಳಿಸಿ ಹೇಳಬೇಕು.

ದೀಪಗಳೆಲ್ಲ ಸರಿಯಾಗಿದ್ದೂ ಜಾಲತಾಣ ತೆರೆಯದಿದ್ದರೆ ಮೋಡೆಮಿನ ವಿದ್ಯುತ್ತನ್ನು ಆರಿಸಿ, ಅರ್ಧ ನಿಮಿಷ ಬಿಟ್ಟು, ಮತ್ತೆ ಹಾಕಿ ಎರಡು ಮೂರು ನಿಮಿಷ ಕಾಯಬೇಕು. ಗಣಕಯಂತ್ರವನ್ನೂ ಹಾಗೆಯೇ ಒಮ್ಮೆ ಆರಿಸಿ ಹೊತ್ತಿಸಬೇಕು. ಇದನ್ನು ಕೆಲವರು ಹಾಸ್ಯ ಮಾಡುವುದುಂಟು. ಆದರೆ ಇದರಲ್ಲಿ ಹುರುಳಿದೆ. ದಿನಗಟ್ಟಲೆ ನಿರಂತರವಾಗಿ ದುಡಿಯುವ ಆ ಪುಟ್ಟ ಯಂತ್ರದ ಸ್ಮೃತಿಯಲ್ಲಿ ಹಳೆಯ ಲೆಕ್ಕಗಳು ಸಿಕ್ಕಿಕೊಂಡಿರುತ್ತವೆ. ಆರಿಸಿ ಹೊತ್ತಿಸಿದಾಗ ಅವು ಅಳಿಸಿಹೋಗಿ ಕೆಲಸ ಹೊಸದಾಗಿ ಆರಂಭವಾಗುತ್ತದೆ. ಹಾಗೆಯೇ, ತಿಂಗಳ ಹಣ ಕಟ್ಟುವ ಗಡುವು ಮೀರಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಗುಡುಗು ಮಿಂಚಿನ ದಿನಗಳಲ್ಲಿ ಮೋಡೆಮಿನ ಪ್ಲಗ್ಗನ್ನು ಕಿತ್ತಿಡುವುದು ಹಳ್ಳಿಯ ಮನೆಗಳಿಗಂತೂ ಅವಶ್ಯ.

ಹೆಸರು ಮತ್ತು ಸಂಖ್ಯೆ

ಇನ್ನು ಕೊಂಚ ಆಳಕ್ಕೆ ಹೋಗೋಣ. ನಾವು ಜಾಲತಾಣವನ್ನು ಹೆಸರಿನಿಂದ ಕರೆಯುತ್ತೇವೆ. ಆದರೆ ಯಂತ್ರಗಳು ಒಂದನ್ನೊಂದು ಗುರುತಿಸುವುದು ಸಂಖ್ಯೆಗಳಿಂದ. ಹೆಸರನ್ನು ಕೊಟ್ಟರೆ ಸಂಖ್ಯೆಯನ್ನು ತಿಳಿಸುವ ವ್ಯವಸ್ಥೆಗೆ ಡಿ.ಎನ್.ಎಸ್. ಎಂದು ಹೆಸರು. ಅಂತರ್ಜಾಲದ ಶೈಶವದಲ್ಲಿ ಎಲ್ಲ ಯಂತ್ರಗಳ ಹೆಸರು, ಸಂಖ್ಯೆಗಳನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಒಂದೇ ಪಟ್ಟಿಯಲ್ಲಿ ಬರೆದಿಡುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಆ ಪಟ್ಟಿಯನ್ನು ಸಂಭಾಳಿಸುವುದು ಕಷ್ಟವಾಯಿತು. ಆಗ, 1983ರಲ್ಲಿ, ಪಾಲ್ ಮೊಕಾಪೆಟ್ರಿಸ್ ಎಂಬ ವಿಜ್ಞಾನಿ ಈ ಹೊಸ ವ್ಯವಸ್ಥೆಯನ್ನು ರೂಪಿಸಿದರು. ಊರಿಗೆ ಹೊಸದಾಗಿ ಬಂದವರು ವ್ಯಕ್ತಿಯ ಹೆಸರು ಹೇಳಿ ಮನೆ ಕೇಳುವಂತೆ ಗಣಕಯಂತ್ರವೂ ಪ್ರತಿ ಸಲ ಮೊದಲು ದಾರಿ ಕೇಳಿಕೊಂಡೇ ಹೊರಡುತ್ತದೆ. ದಾರಿ ಹೇಳುವವನು ಅಲ್ಲಿಲ್ಲದಿದ್ದರೆ ಮನೆಯೂ ಇದೆ, ರಸ್ತೆಯೂ ಇದೆ, ಆದರೂ ಅತಿಥಿ ಬೀದಿಯಲ್ಲೇ ನಿಲ್ಲಬೇಕಾಗುತ್ತದೆ.

ಇದನ್ನು ಪರೀಕ್ಷಿಸುವ ಬಗೆ ಸುಲಭ. ವಿಂಡೋಸ್ ಇರುವ ಯಂತ್ರದಲ್ಲಿ ವಿಂಡೋಸ್ ಗುಂಡಿಯನ್ನೂ ‘ಆರ್’ ಅಕ್ಷರದ ಗುಂಡಿಯನ್ನೂ ಒಟ್ಟಿಗೆ ಒತ್ತಬೇಕು. ತೆರೆಯುವ ಚಿಕ್ಕ ಚೌಕದಲ್ಲಿ ಆಂಗ್ಲ ಅಕ್ಷರಗಳಲ್ಲಿ ‘ಸಿ ಎಂ ಡಿ’ ಎಂದು ಬರೆದು ಎಂಟರ್ ಒತ್ತಿದರೆ ಕಪ್ಪು ಹಲಗೆಯೊಂದು ತೆರೆಯುತ್ತದೆ. ಅದರಲ್ಲಿ ‘ಪಿಂಗ್’ ಎಂದು ಆಂಗ್ಲದಲ್ಲಿ ಬರೆದು, ತೆರಪು ಬಿಟ್ಟು, 8.8.8.8 ಎಂಬ ಸಂಖ್ಯೆಯನ್ನು ಕೊಟ್ಟು ಎಂಟರ್ ಒತ್ತಬೇಕು. ಇದು ಗೂಗಲ್ ಸಂಸ್ಥೆ 2009ರಿಂದ ಸಾರ್ವಜನಿಕರಿಗಾಗಿ ನಡೆಸುತ್ತಿರುವ ಡಿ.ಎನ್.ಎಸ್. ಯಂತ್ರದ ಸಂಖ್ಯೆ. ‘ರಿಪ್ಲೈ’ ಎಂದು ಉತ್ತರ ಬಂದರೆ ದಾರಿ ತೆರೆದಿದೆ. ಅನಂತರ ಸಂಖ್ಯೆಯ ಬದಲು ಯಾವುದಾದರೊಂದು ಜಾಲತಾಣದ ಹೆಸರನ್ನು ಕೊಟ್ಟು ನೋಡಬೇಕು. ಸಂಖ್ಯೆಗೆ ಉತ್ತರ ಬಂದು, ಹೆಸರು ಕೊಟ್ಟಾಗ ಆ ತಾಣವೇ ಸಿಗಲಿಲ್ಲವೆಂಬ ಸಂದೇಶ ಬಂದರೆ ದೋಷ ಡಿ.ಎನ್.ಎಸ್.ನದು. ಆಗ ಅದೇ ಕಪ್ಪು ಹಲಗೆಯಲ್ಲಿ ‘ಐಪಿಕಾನ್ಫಿಗ್’ ಎಂದು ಬರೆದು, ತೆರಪು ಬಿಟ್ಟು, ಓರೆಗೆರೆ ಹಾಕಿ, ‘ಫ್ಲಶ್‌ಡಿಎನ್ಎಸ್’ ಎಂದು ಕೊಟ್ಟರೆ ಹಳೆಯ ತಪ್ಪು ಲೆಕ್ಕ ಅಳಿಯುತ್ತದೆ. ಅದರಿಂದಲೂ ಆಗದಿದ್ದರೆ ಯಂತ್ರದ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಡಿ.ಎನ್.ಎಸ್. ವಿಳಾಸವಾಗಿ 8.8.8.8 ಅಥವಾ ಕ್ಲೌಡ್‌ಫ್ಲೇರ್ ಸಂಸ್ಥೆ 2018ರಲ್ಲಿ ಆರಂಭಿಸಿದ 1.1.1.1 ಎಂಬುದನ್ನು ಕೊಡಬಹುದು. ಆದರೆ ಮೊದಲು ಅಲ್ಲಿ ಏನಿತ್ತೆಂಬುದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು.

‘ಐಪಿಕಾನ್ಫಿಗ್’ ಎಂಬುದನ್ನು ಬರಿದೆ ಕೊಟ್ಟರೆ ನಮ್ಮ ಯಂತ್ರಕ್ಕೆ ದೊರೆತಿರುವ ಸಂಖ್ಯೆ ಕಾಣುತ್ತದೆ. ಅದು 192.168 ಎಂದು ಆರಂಭವಾಗಿದ್ದರೆ ಸಾಮಾನ್ಯವಾಗಿ ಸರಿ. 169.254 ಎಂದು ಆರಂಭವಾಗಿದ್ದರೆ ಮೋಡೆಮಿನಿಂದ ಯಂತ್ರಕ್ಕೆ ವಿಳಾಸವೇ ದೊರೆತಿಲ್ಲ, ಅದು ತನಗೆ ತಾನೇ ಒಂದನ್ನು ಕೊಟ್ಟುಕೊಂಡಿದೆ ಎಂದು ತಿಳಿಯಬೇಕು. ಆಗ ತಂತಿ ಅಥವಾ ವೈಫೈ ಜೋಡಣೆಯನ್ನು ಮತ್ತೆ ಮೊದಲಿನಿಂದ ಮಾಡಬೇಕು.

ಹೆಸರು ಹೇಳುವ ವ್ಯವಸ್ಥೆ ಕೆಟ್ಟರೆ ಎಂಥವರೂ ಕುಸಿಯುತ್ತಾರೆಂಬುದಕ್ಕೆ 2021ರ ಅಕ್ಟೋಬರ್ 4 ಸಾಕ್ಷಿ. ಅಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂಗಳು ಸುಮಾರು ಆರು ಗಂಟೆ ಕಾಲ ಜಗತ್ತಿನಾದ್ಯಂತ ನಿಂತುಹೋದವು. ಆ ಸಂಸ್ಥೆಯ ಒಳಗಿನ ನಿರ್ವಹಣೆಯ ಕೆಲಸದಲ್ಲಿ ಆದ ಒಂದು ತಪ್ಪಿನಿಂದ ಅದರ ಡಿ.ಎನ್.ಎಸ್. ಯಂತ್ರಗಳಿಗೆ ಹೋಗುವ ದಾರಿಯೇ ಅಳಿಸಿಹೋಗಿತ್ತು. ನಮ್ಮ ನಾಡಿನಲ್ಲಿ ಆಗ ರಾತ್ರಿಯ ಹೊತ್ತು. ಎಷ್ಟೋ ಮನೆಗಳಲ್ಲಿ ಜನ ತಮ್ಮ ಮೊಬೈಲುಗಳನ್ನೇ ಶಂಕಿಸಿ ಆರಿಸಿ ಹೊತ್ತಿಸಿದರು. ಬೇರೆ ಜಾಲತಾಣ ತೆರೆಯುತ್ತದೆಯೇ ಎಂಬ ಮೊದಲನೆಯ ಪ್ರಶ್ನೆಯನ್ನು ಕೇಳಿಕೊಂಡವರಿಗೆ ಮಾತ್ರ ನಿದ್ರೆ ಬಂದಿತು.

ಇದೇ ವ್ಯವಸ್ಥೆಯನ್ನು ದುಷ್ಟರು ಬಳಸಿಕೊಂಡದ್ದೂ ಉಂಟು. ಡಿ.ಎನ್.ಎಸ್. ಚೇಂಜರ್ ಎಂಬ ಕುತಂತ್ರಾಂಶವು ನೂರಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಯಂತ್ರಗಳಿಗೆ ಹೊಕ್ಕು, ದಾರಿ ಹೇಳುವವನ ಜಾಗದಲ್ಲಿ ಕಳ್ಳರನ್ನು ಕೂಡಿಸಿತ್ತು. 2011ರ ನವೆಂಬರಿನಲ್ಲಿ ಅಮೆರಿಕದ ಎಫ್.ಬಿ.ಐ. ಆ ಜಾಲವನ್ನು ಭೇದಿಸಿತು. ಕಳ್ಳರ ಯಂತ್ರಗಳನ್ನು ಒಮ್ಮೆಗೇ ಆರಿಸಿದರೆ ಏನೂ ಅರಿಯದ ಲಕ್ಷಾಂತರ ಜನ ಅಂತರ್ಜಾಲವನ್ನೇ ಕಳೆದುಕೊಳ್ಳುವರೆಂದು ನ್ಯಾಯಾಲಯದ ಆದೇಶದಂತೆ ಅವುಗಳ ಸ್ಥಾನದಲ್ಲಿ ಶುದ್ಧ ಯಂತ್ರಗಳನ್ನಿಟ್ಟು 2012ರ ಜುಲೈ 9ರವರೆಗೆ ನಡೆಸಲಾಯಿತು. ಅವನ್ನು ಆರಿಸಿದ ಮೇಲೆ, ಅಷ್ಟರೊಳಗೆ ಶುದ್ಧಿ ಮಾಡಿಕೊಳ್ಳದ ಯಂತ್ರಗಳಿಗೆ ತಂತಿ, ಮೋಡೆಮು ಎಲ್ಲ ಸರಿಯಾಗಿದ್ದೂ ಜಾಲತಾಣಗಳ ಹೆಸರು ಸಿಗದಂತಾಯಿತು. ಡಿ.ಎನ್.ಎಸ್. ವಿಳಾಸದ ಜಾಗದಲ್ಲಿ ನಾವು ಕೊಡದ ಅಪರಿಚಿತ ಸಂಖ್ಯೆ ಕುಳಿತಿದ್ದರೆ ಬಲ್ಲವರಿಗೆ ತೋರಿಸಬೇಕೆಂಬುದು ಇದರ ಪಾಠ.

ಕೆಟ್ಟ ಗಡಿಯಾರದ ಕಥೆ

ನಮಗೆ ಪರಿಚಿತವಾದ ಒಂದು ಉಚಿತ ಪ್ರಸಾದ ನಿಲಯದಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳಬೇಕು. ದಾನಿಗಳೊಬ್ಬರು ಕೊಟ್ಟಿದ್ದ ಹಳೆಯ ಗಣಕಯಂತ್ರವೊಂದು ಅಲ್ಲಿತ್ತು. ವಿದ್ಯಾರ್ಥಿವೇತನದ ಅರ್ಜಿಗೆ ಎರಡು ದಿನ ಉಳಿದಿರುವಾಗ ಅದರಲ್ಲಿ ಯಾವ ಜಾಲತಾಣವೂ ತೆರೆಯದಾಯಿತು. ಪ್ರತಿ ಸಲವೂ ಸಂಪರ್ಕ ಸುರಕ್ಷಿತವಾಗಿಲ್ಲ ಎಂಬ ಎಚ್ಚರಿಕೆ. ಮೋಡೆಮಿನ ದೀಪಗಳು ಸರಿಯಿದ್ದವು. ಮೊಬೈಲುಗಳು ಅದೇ ವೈಫೈಯಲ್ಲಿ ನಡೆಯುತ್ತಿದ್ದವು. ಯಂತ್ರಕ್ಕೆ ವೈರಸ್ ತಗುಲಿದೆ, ಎಸೆಯುವುದೇ ಸರಿ ಎಂದು ಕೆಲವರು ತೀರ್ಮಾನಿಸಿಯೂ ಆಗಿತ್ತು. ಅಷ್ಟರಲ್ಲಿ ಅಡುಗೆಮನೆಯ ಕೆಲಸಕ್ಕೆ ನೆರವಾಗುತ್ತಿದ್ದ ಪಿಯುಸಿ ಹುಡುಗನೊಬ್ಬ ಪರದೆಯ ಮೂಲೆಯನ್ನು ತೋರಿಸಿ, “ಬುದ್ಧೀ, ಇದರಲ್ಲಿ ಇನ್ನೂ 2009ನೆಯ ಇಸವಿ ನಡೆದಿದೆ” ಎಂದ.

ದೋಷ ಅಲ್ಲಿಯೇ ಇತ್ತು. ಇಂದಿನ ಬಹುತೇಕ ಜಾಲತಾಣಗಳು ತಮ್ಮ ಗುರುತಿಗಾಗಿ ಒಂದು ಪ್ರಮಾಣಪತ್ರವನ್ನು ತೋರಿಸುತ್ತವೆ. ಆ ಪತ್ರಕ್ಕೆ ಆರಂಭದ ದಿನವೂ ಮುಗಿಯುವ ದಿನವೂ ಉಂಟು. ಗಣಕಯಂತ್ರದ ಗಡಿಯಾರ ಹಿಂದಿನ ಕಾಲದಲ್ಲಿ ನಿಂತಿದ್ದರೆ ಅದರ ಕಣ್ಣಿಗೆ ಎಲ್ಲ ಪತ್ರಗಳೂ ಇನ್ನೂ ಹುಟ್ಟದ ಕೂಸುಗಳಂತೆ ತೋರುತ್ತವೆ. ಆದ್ದರಿಂದ ಎಲ್ಲವನ್ನೂ ಸುಳ್ಳೆಂದು ತಳ್ಳಿಹಾಕುತ್ತದೆ. ವಿದ್ಯುತ್ತಿಲ್ಲದ ಹೊತ್ತಿನಲ್ಲೂ ಗಡಿಯಾರ ನಡೆಯಲೆಂದು ಮೇಜಿನ ಮೇಲಿನ ಗಣಕಯಂತ್ರಗಳಲ್ಲಿ ಸಿ.ಆರ್. 2032 ಎಂಬ, ನಾಣ್ಯದಾಕಾರದ 3 ವೋಲ್ಟಿನ ಸೆಲ್ ಒಂದಿರುತ್ತದೆ. ವರ್ಷಗಳು ಕಳೆದಂತೆ ಅದು ಬರಿದಾಗುತ್ತದೆ. ಅಂದು ದಿನಾಂಕವನ್ನು ಕೈಯಿಂದ ತಿದ್ದಿದ ಕೂಡಲೇ ಜಾಲತಾಣಗಳು ತೆರೆದವು. ಮರುದಿನ ಅಗ್ಗದ ಹೊಸ ಸೆಲ್ ಒಂದನ್ನು ತಂದು ಹಾಕಿದರು. ಅರ್ಜಿಗಳೆಲ್ಲ ಹೊತ್ತಿಗೆ ಸರಿಯಾಗಿ ಹೋದವು. ಆ ವೇತನವಿಲ್ಲದಿದ್ದರೆ ಓದು ಬಿಟ್ಟು ಊರಿಗೆ ಮರಳಬೇಕಾಗಿದ್ದ ಮಕ್ಕಳು ಅವರಲ್ಲಿದ್ದರು. ನಾಣ್ಯದಷ್ಟು ಚಿಕ್ಕ ಸೆಲ್ ಒಂದು ಮಕ್ಕಳ ಭವಿಷ್ಯಕ್ಕೆ ಅಡ್ಡವಾಗಿ ನಿಂತಿತ್ತೆಂಬುದು ಯೋಚಿಸಬೇಕಾದ ಮಾತು. ಅದನ್ನು ಕಂಡವನು ದೊಡ್ಡ ಪದವೀಧರನಲ್ಲ, ಕಣ್ಣು ತೆರೆದು ನೋಡಿದ ಒಬ್ಬ ಹುಡುಗನೆಂಬುದೂ ಯೋಚಿಸಬೇಕಾದ ಮಾತೇ.

ಹಳೆಯ ಯಂತ್ರಗಳಿಗೆ ಇನ್ನೊಂದು ಬಾಧೆಯುಂಟು. ಪ್ರಮಾಣಪತ್ರಗಳನ್ನು ಕೊಡುವ ಮೂಲ ಸಂಸ್ಥೆಗಳ ಪಟ್ಟಿಯೊಂದು ಯಂತ್ರದೊಳಗಿರುತ್ತದೆ, ಅದೂ ಹಳತಾಗುತ್ತದೆ. 2021ರ ಸೆಪ್ಟೆಂಬರ್ 30ರಂದು ಅಂಥ ಒಂದು ಮೂಲಪತ್ರದ ಅವಧಿ ಮುಗಿದಾಗ, ಹೊಸದನ್ನು ಕಲಿಯದ ಅನೇಕ ಹಳೆಯ ಯಂತ್ರಗಳಲ್ಲಿ ಎಷ್ಟೋ ಜಾಲತಾಣಗಳು ಹಠಾತ್ತನೆ ತೆರೆಯದಾದವು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೂ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೂ ಮುಗಿಯಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ರಂದು ನಿವೃತ್ತವಾಯಿತು. ಅದನ್ನೇ ಇನ್ನೂ ನೆಚ್ಚಿಕೊಂಡಿರುವವರು ಯಂತ್ರಕ್ಕೆ ಹೊಂದುವ ಬೇರೊಂದು ಬ್ರೌಸರನ್ನು ಹಾಕಿಸಿಕೊಳ್ಳಬೇಕು. ಸುರಕ್ಷತೆಯ ಎಚ್ಚರಿಕೆ ಬಂದಾಗ ದಿನಾಂಕವನ್ನು ನೋಡಬೇಕೇ ಹೊರತು, ಎಚ್ಚರಿಕೆಯನ್ನು ದಾಟಿ ಮುನ್ನುಗ್ಗಿ ಬ್ಯಾಂಕಿನ ಗುಪ್ತಪದವನ್ನು ಬರೆಯುವ ಸಾಹಸ ಸಲ್ಲದು.

ಬ್ರೌಸರಿನ ಒಳಗೂ ತೊಡಕುಗಳಿರುತ್ತವೆ. ಒಂದು ಬ್ರೌಸರಿನಲ್ಲಿ ತೆರೆಯದ್ದು ಮತ್ತೊಂದರಲ್ಲಿ ತೆರೆದರೆ ದೋಷ ಮೊದಲನೆಯದರದು. ಹಳೆಯ ಪುಟಗಳ ಸಂಗ್ರಹವನ್ನು ಅಳಿಸುವುದು, ಸೇರಿಸಿಕೊಂಡ ಚಿಕ್ಕಪುಟ್ಟ ಉಪಾಂಗಗಳನ್ನು ನಿಲ್ಲಿಸುವುದು, ಯಾರೋ ಹಿಂದೆ ಹಾಕಿ ಮರೆತ ಪ್ರಾಕ್ಸಿ ಅಥವಾ ವಿ.ಪಿ.ಎನ್. ಎಂಬುದನ್ನು ತೆಗೆಯುವುದು ಇವು ಮಾಡಬೇಕಾದ ಕೆಲಸಗಳು. ಕಚೇರಿಯಿಂದ ತಂದ ಯಂತ್ರ ಮನೆಯಲ್ಲಿ ನಡೆಯದಿರುವುದಕ್ಕೆ ಪ್ರಾಕ್ಸಿಯೇ ಹಲವು ಸಲ ಕಾರಣವಾಗಿರುತ್ತದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ ಫಲವನ್ನು ನೋಡಬೇಕು. ಐದನ್ನು ಒಟ್ಟಿಗೆ ಬದಲಾಯಿಸಿದವನಿಗೆ ಯಂತ್ರ ಸರಿಹೋದರೂ ಏಕೆ ಸರಿಹೋಯಿತೆಂಬುದು ತಿಳಿಯುವುದಿಲ್ಲ.

ದೋಷ ನಮ್ಮದಲ್ಲದಿದ್ದಾಗ

ಪರದೆಯ ಮೇಲೆ 404 ಎಂಬ ಸಂಖ್ಯೆ ಬಂದರೆ ಆಚೆಯ ಯಂತ್ರ ಸಿಕ್ಕಿದೆ, ಆದರೆ ನಾವು ಕೇಳಿದ ಪುಟ ಅಲ್ಲಿಲ್ಲ ಎಂದರ್ಥ. ಬರೆದ ವಿಳಾಸವನ್ನು ಮತ್ತೆ ನೋಡಬೇಕು. 500, 503 ಮುಂತಾದ ಸಂಖ್ಯೆಗಳು ಆಚೆಯ ಯಂತ್ರವೇ ಬಳಲಿದೆಯೆಂದು ಹೇಳುತ್ತವೆ. ಪರೀಕ್ಷೆಯ ಫಲಿತಾಂಶದ ದಿನ ಲಕ್ಷಗಟ್ಟಲೆ ಜನ ಒಂದೇ ಬಾಗಿಲಿಗೆ ಮುತ್ತಿದಾಗ ಆಗುವುದು ಇದೇ. ಜಾತ್ರೆಯ ದಿನ ದಾಸೋಹದ ಮನೆಯ ಬಾಗಿಲಲ್ಲಿ ನೂಕಿದಷ್ಟೂ ಪ್ರಸಾದ ತಡವಾಗುವಂತೆ, ಇಲ್ಲಿಯೂ ಕ್ಷಣಕ್ಷಣಕ್ಕೆ ಒತ್ತುವುದರಿಂದ ಪ್ರಯೋಜನವಿಲ್ಲ. ಅಂಥ ಹೊತ್ತಿನಲ್ಲಿ ಮಗುವಿನ ಎದುರು ಆತಂಕಪಟ್ಟು ಯಂತ್ರವನ್ನು ಬಯ್ಯುವುದಕ್ಕಿಂತ ಅರ್ಧ ಗಂಟೆ ಸುಮ್ಮನಿರುವುದು ಮೇಲು.

ದಾರಿಯೇ ಕಡಿದುಹೋಗುವುದೂ ಉಂಟು. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದಡಿಯ ಎರಡು ಕೇಬಲುಗಳು ತುಂಡಾದಾಗ ಭಾರತದ ಅಂತರ್ಜಾಲ ಬಹುವಾಗಿ ಕುಂಠಿತವಾಯಿತು. ಅಂದು ಬೆಂಗಳೂರಿನಲ್ಲಿ ಕುಳಿತವರು ತಮ್ಮ ಯಂತ್ರಗಳನ್ನು ಎಷ್ಟು ತಿದ್ದಿದ್ದರೂ ಫಲವಿರಲಿಲ್ಲ. ಆದ್ದರಿಂದ ಕೊನೆಯ ದಿನಾಂಕವುಳ್ಳ ಯಾವ ಕೆಲಸವನ್ನೂ ಕೊನೆಯ ದಿನಕ್ಕೆ ಇಟ್ಟುಕೊಳ್ಳಬಾರದು. ಮನೆಯಲ್ಲಿ ಆಗದಿದ್ದರೆ ನೆರೆಮನೆಯವರ ಸಂಪರ್ಕ, ಊರಿನ ಗ್ರಾಮ ಒನ್ ಕೇಂದ್ರ, ಶಾಲೆಯ ಯಂತ್ರ ಇವನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಸಹಾಯದ ಸೋಗಿನಲ್ಲಿ ಬರುವವರು

ಈಗ ಮುಖ್ಯವಾದ ಮಾತಿಗೆ ಬರುತ್ತೇವೆ. ಈ ಲೇಖನವನ್ನು ಬರೆಯಲು ನಮ್ಮನ್ನು ಪ್ರೇರಿಸಿದ್ದು ಯಂತ್ರಕ್ಕಿಂತ ಹೆಚ್ಚಾಗಿ ಒಬ್ಬ ತಾಯಿಯ ಕಣ್ಣೀರು. ಗಂಡನನ್ನು ಕಳೆದುಕೊಂಡು ಊರಿನ ಮನೆಯಲ್ಲಿ ಒಬ್ಬರೇ ಇರುವ ಹಿರಿಯ ಶರಣೆ ಅವರು. ಮಕ್ಕಳಿಬ್ಬರೂ ದೂರದ ನಗರಗಳಲ್ಲಿದ್ದಾರೆ. ಒಂದು ದಿನ ಮನೆಯ ಅಂತರ್ಜಾಲ ನಿಂತಿತು. ಮೊಬೈಲಿನಲ್ಲಿ ಹುಡುಕಿದಾಗ ಸಿಕ್ಕ ‘ಗ್ರಾಹಕ ಸೇವೆ’ಯ ಸಂಖ್ಯೆಗೆ ಕರೆ ಮಾಡಿದರು. ಆಚೆಯವನು ಬಹಳ ವಿನಯದಿಂದ ‘ಅಮ್ಮಾ’ ಎಂದೇ ಮಾತಾಡಿದ. ಒಂದು ಆ್ಯಪ್ ಹಾಕಿಕೊಳ್ಳಲು ಹೇಳಿದ, ಅದರಲ್ಲಿ ಬಂದ ಅಂಕಿಗಳನ್ನು ಕೇಳಿದ, ಹತ್ತು ರೂಪಾಯಿ ಶುಲ್ಕ ಕಟ್ಟಲು ಹೇಳಿದ. ಆ ಆ್ಯಪು ಅವರ ಪರದೆಯನ್ನು ಅವನಿಗೆ ತೋರಿಸುವ ಸಾಧನವಾಗಿತ್ತು. ಗಂಡನ ನಿವೃತ್ತಿಯ ಹಣದಲ್ಲಿ ಉಳಿದಿದ್ದ ಬಹುಭಾಗ ಸಂಜೆಯೊಳಗೆ ಹೋಯಿತು. ಮೋಡೆಮಿಗೆ ಆಗಿದ್ದುದೇನು? ಹಿಂದಿನ ರಾತ್ರಿ ಪ್ಲಗ್ಗು ಸಡಿಲವಾಗಿತ್ತು.

ಇದರಲ್ಲಿ ನಮ್ಮನ್ನು ಹೆಚ್ಚು ನೋಯಿಸಿದ ಸಂಗತಿ ಬೇರೆಯೇ. ಆ ತಾಯಿ ಹನ್ನೊಂದು ದಿನ ಯಾರಿಗೂ ಹೇಳಲಿಲ್ಲ. “ಏಕೆ ಹೇಳಲಿಲ್ಲ ತಾಯೀ?” ಎಂದು ಕೇಳಿದೆವು. “ಹಿಂದೆ ಒಮ್ಮೆ ಕಂಪ್ಯೂಟರ್ ಬಗ್ಗೆ ಏನೋ ಕೇಳಿದಾಗ, ನಿನಗೆ ಎಷ್ಟು ಸಲ ಹೇಳಬೇಕವ್ವಾ ಎಂದು ಹಿರಿಯವನು ರೇಗಿದ್ದ ಬುದ್ಧೀ. ಅದಕ್ಕೇ ಈ ಸಲ ಅವನನ್ನು ಕೇಳಲಿಲ್ಲ, ಆ ನಂಬರಿಗೆ ಮಾಡಿದೆ” ಎಂದರು. ಮಗ ಕೆಟ್ಟವನಲ್ಲ, ತಾಯಿಗೆ ತಿಂಗಳು ತಿಂಗಳು ಹಣ ಕಳಿಸುವವನು. ಆದರೆ ಆ ಒಂದು ಗದರಿಕೆ ಮಗನ ಬಾಗಿಲನ್ನು ಮುಚ್ಚಿ ಕಳ್ಳನ ಬಾಗಿಲನ್ನು ತೆರೆಯಿತು.

ಆದ್ದರಿಂದ ಹಿರಿಯರಿಗೆ ನಮ್ಮ ವಿನಂತಿ: ಸಹಾಯವಾಣಿಯ ಸಂಖ್ಯೆಯನ್ನು ಹುಡುಕುಪುಟದಿಂದ ತೆಗೆದುಕೊಳ್ಳಬೇಡಿರಿ, ಬಿಲ್ಲಿನ ಮೇಲೆ ಅಥವಾ ಮೋಡೆಮಿನ ಪೆಟ್ಟಿಗೆಯ ಮೇಲೆ ಮುದ್ರಿಸಿರುವುದನ್ನು ಗೋಡೆಗೆ ಬರೆದಂಟಿಸಿರಿ. ಅಂತರ್ಜಾಲ ಸರಿಮಾಡುವುದಕ್ಕೆ ಯಾರಿಗೂ ನಿಮ್ಮ ಓ.ಟಿ.ಪಿ. ಬೇಡ, ಬ್ಯಾಂಕಿನ ಪಿನ್ ಬೇಡ. ಪರಿಚಯವಿಲ್ಲದವರು ಹೇಳಿದ ಆ್ಯಪನ್ನು ಹಾಕಿಕೊಳ್ಳಬೇಡಿರಿ. ಮೋಸವಾದರೆ ನಾಚಿಕೊಂಡು ಕೂಡದೆ ಆ ಕ್ಷಣವೇ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೂ ನಿಮ್ಮ ಬ್ಯಾಂಕಿಗೂ ಕರೆ ಮಾಡಿರಿ; ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲಿಯೇ ತಡೆಯುವ ಅವಕಾಶ ಹೆಚ್ಚು. ಮೋಸಹೋಗುವುದು ಪಾಪವಲ್ಲ, ಮೋಸ ಮಾಡುವುದು ಪಾಪ.

ಕಿರಿಯರಿಗೆ ಹೇಳುವುದು ಇಷ್ಟು. ನಿಮಗೆ ಅಕ್ಷರ ತಿದ್ದಿಸುವಾಗ ನಿಮ್ಮ ತಾಯಿ ‘ಅ’ ಎಂಬುದನ್ನು ಎಷ್ಟು ಸಲ ಬರೆಸಿದಳೆಂದು ಲೆಕ್ಕ ಇಟ್ಟಿಲ್ಲ. ಅವಳು ಒಂದೇ ಪ್ರಶ್ನೆಯನ್ನು ನಾಲ್ಕನೆಯ ಸಲ ಕೇಳಿದರೆ ನಾಲ್ಕನೆಯ ಸಲವೂ ಮೊದಲನೆಯ ಸಲದಂತೆಯೇ ಹೇಳಿರಿ. ಈ ಬಾರಿ ಊರಿಗೆ ಹೋದಾಗ ಅರ್ಧ ತಾಸು ಕೂತು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದುಕೊಡಿರಿ: ಯಾವ ದೀಪ ಹೇಗಿರಬೇಕು, ಯಾವ ಪ್ಲಗ್ಗನ್ನು ಆರಿಸಿ ಹಾಕಬೇಕು, ದಿನಾಂಕ ಎಲ್ಲಿ ಕಾಣುತ್ತದೆ, ಯಾರಿಗೆ ಕರೆ ಮಾಡಬೇಕು. ಕೊನೆಯ ಸಾಲಿನಲ್ಲಿ ನಿಮ್ಮ ಹೆಸರನ್ನೂ ಸಂಖ್ಯೆಯನ್ನೂ ಬರೆದು, ‘ಯಾವ ಹೊತ್ತಿಗಾದರೂ ಸರಿ’ ಎಂದು ಸೇರಿಸಿರಿ. ಅನ್ನದ ದಾಸೋಹದಂತೆ ಅರಿವಿನ ದಾಸೋಹವೂ ಶರಣಧರ್ಮವೇ ಆಗಿದೆ. ತನಗೆ ತಿಳಿದುದನ್ನು ಮುಖ ಸಿಂಡರಿಸದೆ ಮತ್ತೊಬ್ಬರಿಗೆ ಬಡಿಸುವವನ ಮನೆಯಲ್ಲಿ ಆ ತಾಯಿಗೆ ಬಂದಂಥ ಸಂಕಟ ಬಾರದಿರಲಿ ಎಂದು ಹಾರೈಸುತ್ತೇವೆ.